ಗೆದ್ದವನ ನಡುಪಟ್ಟಿ

ವಿದ್ಯಾರ್ಥಿಗಳೇ, ಒಮ್ಮೆ ಪಾಠದ ನಡುವೆ ಬಾಲಕನೊಬ್ಬನು ಮರಾಠಿ ಪತ್ರಿಕೆಯ ಚಿತ್ರವೊಂದನ್ನು ತೋರಿಸಿ, “ಗುರುಗಳೇ, ಕುಸ್ತಿಯಲ್ಲಿ ಗೆದ್ದವನಿಗೆ ಗದೆ ಕೊಡುತ್ತಾರೆ. ಈ ಮುಷ್ಟಿಯುದ್ಧದವರಿಗೆ ಸೊಂಟದ ಪಟ್ಟಿಯೇಕೆ?” ಎಂದು ಕೇಳಿದನು. ಅಂದು ಅರೆಬರೆ ಉತ್ತರ ಹೇಳಿ ಜಾರಿಕೊಂಡೆನು. ಆ ಸಾಲವನ್ನು ಇಲ್ಲಿ ತೀರಿಸುತ್ತೇನೆ.

ಗದೆಯನ್ನು ನೀವು ಬಲ್ಲಿರಿ. ಮಹಾರಾಷ್ಟ್ರ ಕೇಸರಿ ಸ್ಪರ್ಧೆಯು 1961ರಲ್ಲಿ ಮೊದಲು ನಡೆದುದು ಅಂದಿನ ಔರಂಗಾಬಾದಿನಲ್ಲಿ, ಎಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ. 1965ರಲ್ಲಿ ನಮ್ಮ ನಾಸಿಕದಲ್ಲಿ. ಕುಸ್ತಿಯಲ್ಲಿ ನಮ್ಮವರ ಪಾಲೂ ಉಂಟು. 1959ರಲ್ಲಿ ಮೊತ್ತಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆಯವರು ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬೆಯವರು. ಗದೆಯು ಹನುಮ ಭೀಮರ ಆಯುಧ. ಗೆದ್ದವನ ಮನೆ ಸೇರಿದ ಮೇಲೆ ಅದು ಅವನದೇ. ಮರುವರ್ಷದ ಜಟ್ಟಿಗೆ ಬೇರೆ ಗದೆ. ಮುಷ್ಟಿಯುದ್ಧದ ಪಟ್ಟಿಯ ರೀತಿ ಬೇರೆ. ಅದು ಸೋತೊಡನೆ ಕೈಬಿಡುವ ಪದವಿಯ ಗುರುತು.

ಕನ್ನಡಿಗರಿಗೆ ಈ ಭಾವನೆ ಹೊಸದಲ್ಲ. ‘ಪಟ್ಟ ಕಟ್ಟಿದರು’ ಎನ್ನುತ್ತೇವೆ. ಪಟ್ಟವನ್ನು ಕಟ್ಟುವುದೇಕೆ? ಪಟ್ಟವೆಂದರೆ ಮೊದಲಿಗೆ ಹಣೆಗೆ ಕಟ್ಟುವ ಪಟ್ಟಿ. ವೇರೂಳದ ಕೈಲಾಸವನ್ನು ಕೊರೆಯಿಸಿದ ರಾಷ್ಟ್ರಕೂಟರ ವಂಶದ ಮೂರನೆಯ ಇಂದ್ರನ ಪಟ್ಟಬಂಧೋತ್ಸವವನ್ನು ಶಾಸನವೇ ಹೇಳುತ್ತದೆ. ನಮ್ಮಲ್ಲಿ ಹಣೆಯ ಮೇಲಿದ್ದುದು ಇಂಗ್ಲೆಂಡಿನಲ್ಲಿ ಸೊಂಟಕ್ಕಿಳಿಯಿತೆಂದು ನಾನು ತಮಾಷೆಗೆ ಹೇಳುವುದುಂಟು. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿರಿ!

ಆ ದೇಶದಲ್ಲಿ 1810ರಲ್ಲಿ ಟಾಮ್ ಕ್ರಿಬ್ ಎಂಬ ಜಟ್ಟಿಗೆ ಸಿಂಹದ ಚರ್ಮದ ಪಟ್ಟಿಯನ್ನು ಅರಸನೇ ಕೊಟ್ಟನೆಂದು ಹೇಳಿಕೆ. ಆಗ ಕೈಗವಸುಗಳಿಲ್ಲದ ಬರಿಗೈ ಕಾಳಗ. 1860ರಲ್ಲಿ ಇಂಗ್ಲೆಂಡಿನ ಟಾಮ್ ಸೇಯರ್ಸನೂ ಅಮೆರಿಕದ ಜಾನ್ ಹೀನನ್ನನೂ ಫಾರ್ನ್‌ಬರೊದಲ್ಲಿ ಎರಡು ಗಂಟೆಗೂ ಮಿಕ್ಕಿ ಕಾದಿದರು. ಸೇಯರ್ಸನ ಬಲಗೈ ಕೆಟ್ಟಿತು, ಹೀನನ್ನನ ಕಣ್ಣುಗಳು ಊದಿ ಮುಚ್ಚಿದವು. ಜನ ಒಳನುಗ್ಗಿ ಕಾಳಗ ಕೆಟ್ಟು, ಇಬ್ಬರೂ ಸಮರೆಂದಾಯಿತು. ಒಂದು ಪಟ್ಟಿಯನ್ನು ಇಬ್ಬರಿಗೆ ಕತ್ತರಿಸಿಕೊಡಲಾದೀತೆ? ತಲೆಗೊಂದರಂತೆ ಎರಡು ಪಟ್ಟಿಗಳನ್ನು ಕೊಟ್ಟರು.

ಇನ್ನೊಂದು ಕಥೆ ಅಮೆರಿಕದ್ದು. ರಿಚರ್ಡ್ ಫಾಕ್ಸ್ ಎಂಬ ಪತ್ರಿಕೆಯ ಒಡೆಯನಿಗೂ ಜಾನ್ ಸಲಿವನ್ ಎಂಬ ಜಟ್ಟಿಗೂ ಆಗದು. 1887ರಲ್ಲಿ ಫಾಕ್ಸನು ತನ್ನ ಪತ್ರಿಕೆಯ ಪಟ್ಟಿಯನ್ನು ಜೇಕ್ ಕಿಲ್ರೇನನಿಗೆ ಕಟ್ಟಿ, ಇವನೇ ಜಗಜ್ಜಟ್ಟಿಯೆಂದು ಸಾರಿದನು. ಕಿಲ್ರೇನನಾದರೋ ಸಲಿವನ್ನನ್ನು ಸೋಲಿಸಿರಲೇ ಇಲ್ಲ! ಬಾಸ್ಟನ್ನಿನ ಜನ ಸುಮ್ಮನಿರಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ 397 ವಜ್ರಗಳನ್ನು ಕೂರಿಸಿದ ಚಿನ್ನದ ಪಟ್ಟಿಯನ್ನು ಸಲಿವನ್ನನಿಗೆ ತೊಡಿಸಿದರು. ಹೀಗೆ ದೇಶದಲ್ಲಿ ಎರಡು ಪಟ್ಟಿಗಳು, ಇಬ್ಬರು ಜಟ್ಟಿಗಳು. ಈ ಜಗಳ ತೀರಿದುದು ಅಕ್ಕಸಾಲಿಗನಿಂದಲ್ಲ. 1889ರ ಜುಲೈ ತಿಂಗಳ ಉರಿಬಿಸಿಲಿನಲ್ಲಿ ಇಬ್ಬರೂ ಎದುರಾದರು. 75 ಸುತ್ತುಗಳ ಬಳಿಕ ಕಿಲ್ರೇನನ ಕಡೆಯವರು ಸೋಲೊಪ್ಪಿದರು. ಮುಂದೆ ಸಲಿವನ್ನನು ಕೈ ಬರಿದಾದಾಗ ಆ ಪಟ್ಟಿಯ ವಜ್ರಗಳನ್ನು ಒತ್ತೆಯಿಟ್ಟನೆಂದು ಹೇಳುತ್ತಾರೆ. ವಜ್ರ ಹೋದರೂ ಅವನ ಗೆಲವನ್ನು ಯಾರೂ ಅಲ್ಲಗಳೆಯಲಿಲ್ಲ.

1909ರಲ್ಲಿ ಲಂಡನ್ನಿನಲ್ಲಿ ಲಾನ್ಸ್‌ಡೇಲ್ ಪಟ್ಟಿ ಬಂದಿತು. ಒಂದೇ ತೂಕದ ವರ್ಗದಲ್ಲಿ ಮೂರು ಸಲ ಗೆದ್ದವನು ಅದನ್ನು ಮನೆಯಲ್ಲಿಯೇ ಇಟ್ಟುಕೊಳ್ಳಬಹುದೆಂಬುದು ಮೊದಲಿನ ನಿಯಮ. ನ್ಯಾಯವಾದ ಏರ್ಪಾಡೆಂದೇ ನನ್ನ ಎಣಿಕೆ. ಅನಂತರ ಸಂಸ್ಥೆಗಳು ಬೆಳೆದವು. ಈಗ ಜಗತ್ತಿನಲ್ಲಿ ನಾಲ್ಕು ದೊಡ್ಡ ಸಂಸ್ಥೆಗಳಿದ್ದು ಒಂದೊಂದರದೂ ಒಂದೊಂದು ಪಟ್ಟಿ. ಅವುಗಳ ಕೆಳಗೆ ಖಂಡಕ್ಕೊಂದರಂತೆ ಸಣ್ಣ ಪಟ್ಟಿಗಳೂ ಉಂಟು. 2016ರಲ್ಲಿ ದಿಲ್ಲಿಯಲ್ಲಿ ನಮ್ಮ ವಿಜೇಂದರ್ ಸಿಂಗ್ ಗೆದ್ದುದು ಏಷ್ಯಾ-ಪೆಸಿಫಿಕ್ ವಲಯದ ಪಟ್ಟಿ.

ಉಕ್ರೇನಿನ ಒಲೆಕ್ಸಾಂಡರ್ ಉಸಿಕನು 2024ರ ಮೇ ತಿಂಗಳಲ್ಲಿ ಟೈಸನ್ ಫ್ಯೂರಿಯನ್ನು ಸೋಲಿಸಿ ಭಾರಿ ತೂಕದ ನಾಲ್ಕು ಪಟ್ಟಿಗಳನ್ನೂ ಕೂಡಿಸಿದನು. ಜೂನ್ ಮುಗಿಯುವುದರೊಳಗೆ ಒಂದನ್ನು ಬಿಟ್ಟುಕೊಡಬೇಕಾಯಿತು. ಸೋತುದರಿಂದಲ್ಲ, ಆ ಸಂಸ್ಥೆ ಗೊತ್ತುಪಡಿಸಿದ ಎದುರಾಳಿಯನ್ನು ಬಿಟ್ಟು ಫ್ಯೂರಿಯೊಡನೆಯೇ ಮತ್ತೆ ಕಾದಬೇಕಾಗಿದ್ದುದರಿಂದ. ಆ ಪಟ್ಟಿ ಡೇನಿಯಲ್ ಡುಬೊಯ್ ಎಂಬವನ ಪಾಲಾಯಿತು. 2025ರ ಜುಲೈಯಲ್ಲಿ ಉಸಿಕನು ಲಂಡನ್ನಿಗೆ ಹೋಗಿ ಐದನೆಯ ಸುತ್ತಿನಲ್ಲಿ ಡುಬೊಯ್‌ನನ್ನು ಕೆಡವಿ, ಅದನ್ನು ಮರಳಿ ತಂದನು.