ಕೋಡಿಯಿಲ್ಲದ ಕೆರೆ: ಕೇದಾರದ ಹಿಮನದಿಯ ದಾರಿಯಲ್ಲಿ ಒಂದು ಪಾಠ

ಸಂಕೇಶ್ವರದ ವಿದ್ಯಾರ್ಥಿಗಳಿಗೆ ನದಿಯೆಂದರೆ ಹಿರಣ್ಯಕೇಶಿ. ಸಹ್ಯಾದ್ರಿಯ ನೆತ್ತಿಯ ಮೇಲಿರುವ ಆಂಬೋಲಿಯ ಬಳಿ ಹುಟ್ಟುವ ಈ ಹೊಳೆಯು ಆಜರಾ, ಗಡಹಿಂಗ್ಲಜಗಳನ್ನು ದಾಟಿ ಸಂಕೇಶ್ವರಕ್ಕೆ ಬರುವುದು. ಮುಂದೆ ಘಟಪ್ರಭೆಯನ್ನು ಕೂಡಿಕೊಂಡು, ಗೋಕಾಕದ ಬಳಿ 52 ಮೀಟರ್ ಎತ್ತರದ ಬಂಡೆಯ ಮೇಲಿನಿಂದ ಧುಮುಕುವುದು. ಆಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7 ಮೀಟರ್ ಮಳೆ ಸುರಿಯುತ್ತದೆ. ಆ ಮಳೆಯೇ ಈ ನದಿಯ ಬಂಡವಾಳ. ಮಳೆಗಾಲದಲ್ಲಿ ದಂಡೆ ಮೀರುವ ಹೊಳೆಯು ಬೇಸಿಗೆಯ ಹೊತ್ತಿಗೆ ಸೊರಗಿ ಹೋಗುವುದಕ್ಕೆ ಕಾರಣವೂ ಇದೇ.

ನಾಲ್ಕು ತಿಂಗಳು ಬರುವ ನೀರನ್ನು ಹನ್ನೆರಡು ತಿಂಗಳು ಉಣ್ಣಬೇಕಾದ ನಾಡಿನಲ್ಲಿ ಜನರು ಕೆರೆಗಳನ್ನು ಕಟ್ಟಿದರು. ಕೆರೆಗೆ ಮೂರು ಅಂಗಗಳಿರುವುವು. ನೀರನ್ನು ತಡೆಯುವುದು ಏರಿ; ಬೇಕಾದಾಗ ಬೇಕಾದಷ್ಟು ನೀರನ್ನು ಹೊರಬಿಡುವುದು ತೂಬು; ಹೆಚ್ಚಾದ ನೀರು ಏರಿಯನ್ನು ಹತ್ತದಂತೆ ಬದಿಯಿಂದ ಹರಿದು ಹೋಗುವ ದಾರಿಯೇ ಕೋಡಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿರುವ ರಾಜಾ ಲಖಮಗೌಡ ಜಲಾಶಯವೂ ಇದೇ ತತ್ತ್ವದ ಮೇಲೆ ನಿಂತಿದೆ; ಅಲ್ಲಿ ಕೋಡಿಗೆ ಉಕ್ಕಿನ ಬಾಗಿಲುಗಳಿವೆ ಎಂಬುದಷ್ಟೇ ವ್ಯತ್ಯಾಸ.

ಹಾಗಾದರೆ ಏರಿಯಿದ್ದು ಕೋಡಿಯಿಲ್ಲದ ಕೆರೆಯೊಂದಿದ್ದರೆ ಅದರ ಗತಿಯೇನು? ಅಂತಹ ಕೆರೆಗಳು ಹಿಮಾಲಯದಲ್ಲಿವೆ. ಅವುಗಳನ್ನು ಮನುಷ್ಯರು ಕಟ್ಟಿದವರಲ್ಲ, ಹಿಮನದಿಗಳು ಕಟ್ಟಿದವು. ಅವುಗಳಲ್ಲೊಂದನ್ನು ನೋಡಲು ನಾವು ಈಗ ಪುಸ್ತಕದ ಪುಟಗಳಲ್ಲಿಯೇ ಕೇದಾರದ ದಾರಿ ಹಿಡಿಯೋಣ.

ಕೇದಾರವೇ ಏಕೆ?

ಕೇದಾರವು ಕನ್ನಡಿಗರಿಗೆ ಹೊಸ ಊರಲ್ಲ. ವೀರಶೈವರ ಪಂಚಪೀಠಗಳಲ್ಲಿ ಒಂದು ಕೇದಾರಪೀಠ. ಕೇದಾರನಾಥ ದೇವಾಲಯದ ಮುಖ್ಯಸ್ಥರಾದ ರಾವಲರು ರೂಢಿಯಂತೆ ದಕ್ಷಿಣದ, ಮುಖ್ಯವಾಗಿ ಕನ್ನಡನಾಡಿನ, ವೀರಶೈವ ಪರಂಪರೆಯಿಂದ ಬರುವವರು. ಉತ್ತರಾಖಂಡದ ಆ ಎತ್ತರದ ಕಣಿವೆಗೆ ನಮ್ಮ ಕಡೆಯ ಯಾತ್ರಿಕರು ತಲೆಮಾರುಗಳಿಂದ ಹೋಗಿಬರುತ್ತಿದ್ದಾರೆ. ಯಾತ್ರಿಕರು ನಡೆಯುವ ದಾರಿಯಲ್ಲಿಯೇ ಭೂಗೋಲದ ಒಂದು ದೊಡ್ಡ ಪಾಠವೂ ಬಿಚ್ಚಿಕೊಂಡಿದೆ.

ಈ ಕಣಿವೆಯ ಸುತ್ತಲಿನ ಕಾಡುಬೆಟ್ಟಗಳು 1972ರಲ್ಲಿ ಘೋಷಿತವಾದ ಕೇದಾರನಾಥ ವನ್ಯಜೀವಿಧಾಮಕ್ಕೆ ಸೇರಿವೆ. ಅದರ ವಿಸ್ತಾರ ಸುಮಾರು 975 ಚದರ ಕಿಲೋಮೀಟರ್. ಕಸ್ತೂರಿ ಮೃಗದ ರಕ್ಷಣೆ ಅದರ ಮುಖ್ಯ ಉದ್ದೇಶಗಳಲ್ಲೊಂದು. ಅದರಿಂದ ಮುಂದಕ್ಕೆ, ಹಿಮಶಿಖರಗಳ ಆಚೆಗೆ, 1989ರಲ್ಲಿ ರಚಿತವಾದ ಗಂಗೋತ್ರಿ ರಾಷ್ಟ್ರೀಯ ಉದ್ಯಾನವಿದೆ. ಭಾಗೀರಥಿಯ ಮೂಲವಾದ, ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿಯು ಇರುವುದು ಅಲ್ಲಿ.

ಎತ್ತರವೇರಿದಂತೆ ಗಾಳಿ ತಣ್ಣಗಾಗುವುದು. ಸಾಧಾರಣವಾಗಿ ಒಂದು ಕಿಲೋಮೀಟರ್ ಏರಿದರೆ ಉಷ್ಣತೆ 6ರಿಂದ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸಂಕೇಶ್ವರವು ಸಮುದ್ರಮಟ್ಟದಿಂದ 600 ಮೀಟರಿಗಿಂತ ಸ್ವಲ್ಪ ಮೇಲಿದೆ; ಕೇದಾರನಾಥವು ಸುಮಾರು 3,580 ಮೀಟರ್ ಎತ್ತರದಲ್ಲಿದೆ. ಎತ್ತರದ ಅಂತರದಿಂದಲೇ 18ರಿಂದ 20 ಡಿಗ್ರಿ ಚಳಿ ಹೆಚ್ಚು. ಉತ್ತರ ದಿಕ್ಕಿಗೆ ಸರಿದುದರಿಂದ ಚಳಿಗಾಲದಲ್ಲಿ ಅದು ಇನ್ನೂ ಹೆಚ್ಚು. ಆಂಬೋಲಿಗೆ ಎಷ್ಟೇ ಮಳೆ ಬಂದರೂ ಅಲ್ಲಿ ಹಿಮನದಿಯಾಗದಿರುವುದು ಇದರಿಂದಲೇ. ನೀರಿಗೆ ಕೊರತೆಯಿಲ್ಲ, ಕೊರತೆ ಎತ್ತರಕ್ಕೆ ಮತ್ತು ಚಳಿಗೆ.

ಕಣಿವೆಯ ಆಕಾರವನ್ನು ಓದುವುದು

ಕಾಲುದಾರಿಯು ಸುಮಾರು 1,980 ಮೀಟರ್ ಎತ್ತರದ ಗೌರೀಕುಂಡದಿಂದ ಪ್ರಾರಂಭವಾಗುವುದು. ಎಡಬಲಗಳಲ್ಲಿ ಓಕ್ ಮತ್ತು ಕೆಂಪು ಹೂವಿನ ಬುರಾಂಸ್ ಮರಗಳ ಕಾಡು. ಕೆಳಗೆ ಆಳದಲ್ಲಿ ಮಂದಾಕಿನಿಯ ಭೋರ್ಗರೆತ. ಇಲ್ಲಿ ಕಣಿವೆಯು ಇಕ್ಕಟ್ಟಾಗಿದೆ. ಎರಡು ಕಡೆಯ ಇಳಿಜಾರುಗಳು ನದಿಯ ಪಾತ್ರದಲ್ಲಿಯೇ ಬಂದು ಕೂಡುತ್ತವೆ. ಅಂಗೈಗಳೆರಡನ್ನೂ ಕೆಳತುದಿಯಲ್ಲಿ ಜೋಡಿಸಿ ಮೇಲೆ ಅಗಲಿಸಿ ಹಿಡಿದಂತೆ. ಹರಿಯುವ ನೀರು ಕೊರೆದ ಕಣಿವೆಯ ಲಕ್ಷಣವಿದು. ನೀರು ತನ್ನ ತಳವನ್ನು ಮಾತ್ರ ಗರಗಸದಂತೆ ಕೊಯ್ಯುತ್ತದೆ. ಬದಿಯ ಮಣ್ಣುಕಲ್ಲುಗಳು ತಾವಾಗಿ ಜಾರಿ ಬೀಳುತ್ತವೆ.

ಹಲವು ಕಿಲೋಮೀಟರ್ ಏರಿದ ಮೇಲೆ ಮರಗಳು ಗಿಡ್ಡವಾಗಿ, ಕಡೆಗೆ ಇಲ್ಲವಾಗಿ, ಹುಲ್ಲುಗಾವಲು ಕಾಣಿಸುವುದು. ಅದರೊಡನೆ ಕಣಿವೆಯ ರೂಪವೂ ಬದಲಾಗುತ್ತದೆ. ತಳ ಅಗಲವಾಗಿ, ಚಪ್ಪಟೆಯಾಗಿದೆ. ಗೋಡೆಗಳು ಕಡಿದಾಗಿ ಮೇಲೆದ್ದಿವೆ. ದನಗಳಿಗೆ ನೀರುಣಿಸುವ ಕಲ್ಲಿನ ದೋಣಿಯನ್ನು ನೆನೆಸಿಕೊಂಡರೆ ಈ ಆಕಾರವು ಮನಸ್ಸಿಗೆ ಬರುವುದು. ಇಷ್ಟು ಅಗಲವಾಗಿ ಕೆತ್ತಲು ಇಲ್ಲಿ ಹರಿಯುವ ಚಿಕ್ಕ ತೊರೆಗೆ ಸಾಧ್ಯವಿಲ್ಲ. ಕಣಿವೆಯನ್ನು ತುಂಬಿಕೊಂಡು ಜರುಗಿದ ಬೇರೊಂದು ವಸ್ತುವಿದ್ದಿರಬೇಕು. ಅದೇ ಹಿಮನದಿ. ಸುಮಾರು 13,000 ವರ್ಷಗಳ ಹಿಂದೆ ಇಲ್ಲಿನ ಚೋರಾಬಾರಿ ಹಿಮನದಿಯು ರಾಂಬಾಡಾದವರೆಗೆ, ಎಂದರೆ ಸುಮಾರು 2,800 ಮೀಟರ್ ಮಟ್ಟದವರೆಗೆ, ಇಳಿದಿತ್ತೆಂದು ಭೂವಿಜ್ಞಾನಿಗಳು ಅಲ್ಲಿನ ಕಲ್ಲುದಿಬ್ಬಗಳನ್ನು ಪರೀಕ್ಷಿಸಿ ಲೆಕ್ಕ ಹಾಕಿದ್ದಾರೆ. ಇಂದು ಅದರ ಮೂತಿಯು ಕೇದಾರನಾಥಕ್ಕಿಂತಲೂ ಮೇಲಿದೆ.

ಹಿಮನದಿಯ ಕೆಲಸ

ಒಂದು ವರ್ಷ ಬಿದ್ದ ಹಿಮವು ಕರಗುವ ಮೊದಲೇ ಮರುವರ್ಷದ ಹಿಮವು ಅದರ ಮೇಲೆ ಬಿದ್ದರೆ, ಕೆಳಗಿನ ಪದರವು ಭಾರಕ್ಕೆ ಅಮುಕಿ ಮೊದಲು ಹರಳುಹರಳಾಗಿ, ಬಳಿಕ ಗಟ್ಟಿಯಾದ ಮಂಜುಗಡ್ಡೆಯಾಗುವುದು. ಅದು ಹತ್ತಾರು ಮೀಟರ್ ದಪ್ಪವಾದಾಗ ತನ್ನ ತೂಕಕ್ಕೆ ತಾನೇ ಇಳಿಜಾರಿನಲ್ಲಿ ಮೆಲ್ಲಗೆ ಜರುಗತೊಡಗುತ್ತದೆ. ಕಣ್ಣಿಗೆ ಚಲನೆ ಕಾಣದು, ಆದರೆ ಚಲನೆಯುಂಟು.

ಈ ಮಂಜುಗಡ್ಡೆಯು ಬೆಟ್ಟದ ಮೈಯಿಂದ ಕಿತ್ತ ಬಂಡೆ, ಕಲ್ಲು, ಹುಡಿಗಳೆಲ್ಲವನ್ನೂ ಹೊತ್ತುಕೊಂಡು ಬರುವುದು. ಬಂಡೆಗಳು ಒಂದಕ್ಕೊಂದು ತಿಕ್ಕಿ ಹಿಟ್ಟಾಗುತ್ತವೆ. ಹಿಮನದಿಯ ಬುಡದಿಂದ ಹೊರಡುವ ನೀರು ಹಾಲು ಬೆರೆಸಿದಂತೆ ಬೂದುಬಿಳುಪಾಗಿ ಕಾಣುವುದು ಈ ಕಲ್ಲುಹಿಟ್ಟಿನಿಂದ. ಹಿಮನದಿಯು ಕರಗುವೆಡೆಯಲ್ಲಿ ಈ ಹೊರೆಯನ್ನೆಲ್ಲ ಇಳಿಸಿಬಿಡುತ್ತದೆ. ಹೀಗೆ ಮೂತಿಯ ಮುಂದೆಯೂ ಎರಡು ಬದಿಗಳಲ್ಲಿಯೂ ಬೀಳುವ ರಾಶಿಗೆ ಮೊರೇನ್ ಎಂದು ಹೆಸರು.

ಮೊರೇನನ್ನು ಗುರುತಿಸುವುದು ಸುಲಭ. ಹಿರಣ್ಯಕೇಶಿಯ ಪಾತ್ರದಲ್ಲಿ ಮರಳು ಒಂದೆಡೆ, ಗುಂಡುಗಲ್ಲು ಒಂದೆಡೆ ಇರುವುದನ್ನು ನಾವು ಕಂಡಿದ್ದೇವೆ. ಹರಿಯುವ ನೀರು ಜರಡಿಯಂತೆ. ತನ್ನ ವೇಗಕ್ಕೆ ತಕ್ಕಂತೆ ಹೊರೆಯನ್ನು ವಿಂಗಡಿಸುವುದು. ಮಂಜುಗಡ್ಡೆಗೆ ಆ ಗುಣವಿಲ್ಲ. ಮನೆಯಷ್ಟು ದೊಡ್ಡ ಬಂಡೆಯ ಪಕ್ಕದಲ್ಲಿಯೇ ಹಿಟ್ಟಿನಂತಹ ಹುಡಿಯಿರುವುದು. ಅವುಗಳನ್ನು ಬಂಧಿಸುವ ಗಾರೆಯಿಲ್ಲ; ಧಿಮ್ಮಸು ಮಾಡಿದವರೂ ಇಲ್ಲ. ಕೆಲವು ಕಡೆ ಒಳಗೆ ಮಂಜುಗಡ್ಡೆಯ ತುಂಡುಗಳೂ ಸಿಕ್ಕಿಕೊಂಡಿದ್ದು, ಅವು ಕರಗಿದಾಗ ದಿಬ್ಬವು ಕುಸಿಯುತ್ತದೆ. ಹಿಮನದಿಯ ಕೆರೆಗಳಿಗೆ ಏರಿಯಾಗಿ ನಿಂತಿರುವುದು ಇಂತಹ ದಿಬ್ಬವೇ.

ಎರಡು ಕೆರೆಗಳು

ಕೇದಾರನಾಥದಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿ, 4,100 ಮೀಟರಿಗಿಂತ ಹೆಚ್ಚಿನ ಎತ್ತರದಲ್ಲಿ, ವಾಸುಕಿ ತಾಲ್ ಎಂಬ ಸರೋವರವಿದೆ. ಅದರಿಂದ ಹೊರಡುವ ವಾಸುಕಿಗಂಗೆಯು ಕೆಳಗಿಳಿದು ಸೋನಪ್ರಯಾಗದಲ್ಲಿ ಮಂದಾಕಿನಿಯನ್ನು ಸೇರುವುದು. ಎಂದರೆ ಈ ಕೆರೆಗೆ ಪ್ರಕೃತಿಯೇ ಒಂದು ಕೋಡಿಯನ್ನು ಒದಗಿಸಿದೆ. ನೀರು ಹೆಚ್ಚಿದರೆ ಹೊಳೆ ಹೆಚ್ಚುತ್ತದೆ.

ದೇವಾಲಯದಿಂದ ಸುಮಾರು 2 ಕಿಲೋಮೀಟರ್ ಮೇಲಿದ್ದ ಚೋರಾಬಾರಿ ತಾಲಿನ ಕಥೆ ಬೇರೆ. 1948ರಲ್ಲಿ ಮಹಾತ್ಮಾ ಗಾಂಧಿಯವರ ಚಿತಾಭಸ್ಮವನ್ನು ಅಲ್ಲಿ ವಿಸರ್ಜಿಸಿದುದರಿಂದ ಅದಕ್ಕೆ ಗಾಂಧಿ ಸರೋವರವೆಂಬ ಹೆಸರೂ ಬಂದಿತು. ಹಿಮನದಿಯ ಬದಿಯ ಮೊರೇನ್ ದಿಬ್ಬಕ್ಕೂ ಬೆಟ್ಟದ ಇಳಿಜಾರಿಗೂ ನಡುವಿನ ತಗ್ಗಿನಲ್ಲಿ ಮಳೆಯ ನೀರು ಮತ್ತು ಹಿಮ ಕರಗಿದ ನೀರು ನಿಂತು ಆ ಕೆರೆಯಾಗಿತ್ತು. ಅದರ ಉದ್ದ ಸುಮಾರು 400 ಮೀಟರ್, ಅಗಲ 200 ಮೀಟರ್. ಅದಕ್ಕೆ ಹೊರದಾರಿಯಿರಲಿಲ್ಲ, ತಳದ ಕಲ್ಲುಸಂದುಗಳ ಮೂಲಕ ನೀರು ಜಿನುಗಿ ಹೋಗುತ್ತಿತ್ತು. ಸಾಧಾರಣ ವರ್ಷಗಳಲ್ಲಿ ಆ ಜಿನುಗೇ ಸಾಕಾಗಿದ್ದಿತು.

2013ನೆಯ ವರ್ಷ ಸಾಧಾರಣವಾಗಿರಲಿಲ್ಲ. ಮುಂಗಾರು ವಾಡಿಕೆಗಿಂತ ಬೇಗನೆ ಹಿಮಾಲಯವನ್ನು ಮುಟ್ಟಿತು. ಬೆಟ್ಟಗಳ ಮೇಲೆ ಹಿಮ ಇನ್ನೂ ಉಳಿದಿತ್ತು. ಚೋರಾಬಾರಿಯ ಬಳಿಯ ಮಾಪನ ಕೇಂದ್ರದಲ್ಲಿ ಜೂನ್ 15ರ ಸಂಜೆಯಿಂದ 16ರ ಸಂಜೆಯವರೆಗಿನ 24 ಗಂಟೆಗಳಲ್ಲಿ 325 ಮಿಲಿಮೀಟರ್ ಮಳೆ ದಾಖಲಾಯಿತು. 16ರ ಸಂಜೆಯೇ ಮೊದಲ ಪ್ರವಾಹವು ಕೇದಾರನಾಥವನ್ನು ಹೊಕ್ಕು ಕೆಳಗಿನ ರಾಂಬಾಡಾವನ್ನು ಕೊಚ್ಚಿಕೊಂಡು ಹೋಯಿತು. ಮರುದಿನ ಬೆಳಗ್ಗೆ ಏಳು ಗಂಟೆಗೆ ಸ್ವಲ್ಪ ಮೊದಲು ಕೆರೆಯ ಮೊರೇನ್ ಏರಿ ಒಡೆಯಿತು. ಐದರಿಂದ ಹತ್ತು ನಿಮಿಷಗಳಲ್ಲಿ ಕೆರೆ ಬರಿದಾಯಿತು.

ಇಲ್ಲಿ ನಾವು ಒಂದು ಲೆಕ್ಕ ಮಾಡೋಣ. ಕೆರೆಯ ಮೈ 80,000 ಚದರ ಮೀಟರ್. ಸರಾಸರಿ ಆಳವನ್ನು ಕೇವಲ 5 ಮೀಟರ್ ಎಂದು ಹಿಡಿದರೂ ನೀರು 4 ಲಕ್ಷ ಘನಮೀಟರ್ ಆಗುವುದು. ಅದು 10 ನಿಮಿಷಗಳಲ್ಲಿ ಹೊರಬಿದ್ದರೆ ಸೆಕೆಂಡಿಗೆ ಸುಮಾರು 670 ಘನಮೀಟರ್. ಹಿಡಕಲ್ ಜಲಾಶಯದ ಸಾಮರ್ಥ್ಯ 51 ಟಿಎಂಸಿ, ಎಂದರೆ 5,100 ಕೋಟಿ ಘನ ಅಡಿ. ಘನಮೀಟರಿನಲ್ಲಿ ಸುಮಾರು 144 ಕೋಟಿ. ನಮ್ಮ ಲೆಕ್ಕದ ಚೋರಾಬಾರಿಯಂತಹ ಕೆರೆಗಳು ಹಿಡಕಲ್ಲಿನಲ್ಲಿ 3,600 ಹಿಡಿಸುವುವು! ಅಷ್ಟು ಚಿಕ್ಕ ಕೆರೆಯ ನೀರು, ದಾರಿಯ ಬಂಡೆಗಳನ್ನೂ ಕೆಸರನ್ನೂ ಎಳೆದುಕೊಂಡು, ಮೊದಲೇ ಮಳೆಯಿಂದ ಜರ್ಜರಿತವಾಗಿದ್ದ ಊರಿನ ಮೇಲೆ ಬಿದ್ದಿತು. ಆ ಜೂನ್ ತಿಂಗಳ ದುರಂತದಲ್ಲಿ ಉತ್ತರಾಖಂಡದಲ್ಲಿ ಮಡಿದವರು ಮತ್ತು ಕಾಣೆಯಾದವರು ಐದು ಸಾವಿರಕ್ಕೂ ಹೆಚ್ಚು. ದೇವಾಲಯದ ಹಿಂದೆ ಬಂದು ನಿಂತ ಒಂದು ಹೆಬ್ಬಂಡೆಯು ಪ್ರವಾಹವನ್ನು ಇಬ್ಭಾಗಿಸಿದುದರಿಂದ ಗುಡಿ ಉಳಿಯಿತು. ಸುತ್ತಲಿನ ಕಟ್ಟಡಗಳು ಉಳಿಯಲಿಲ್ಲ.

ಏರಿ ಒಡೆಯುವ ಬಗೆ

ಮಣ್ಣಿನ ಏರಿಯ ಮೇಲೆ ನೀರು ಹತ್ತಿದರೆ ಏನಾಗುವುದೆಂಬುದನ್ನು ನಮ್ಮ ರೈತರು ಬಲ್ಲರು. ಮೊದಲು ಒಂದು ಸಣ್ಣ ಕಾಲುವೆ ಬೀಳುವುದು. ಆ ಕಾಲುವೆಯಲ್ಲಿ ನೀರು ಸಾಗಿದಷ್ಟೂ ಮಣ್ಣು ಕೊಚ್ಚುವುದು; ಕೊಚ್ಚಿದಷ್ಟೂ ಕಾಲುವೆ ಆಳವಾಗುವುದು; ಆಳವಾದಷ್ಟೂ ನೀರಿನ ರಭಸ ಹೆಚ್ಚುವುದು. ಕಾರ್ಯವೇ ಕಾರಣವನ್ನು ಬೆಳೆಸುವ ಈ ಸರಪಳಿ ಒಮ್ಮೆ ತೊಡಗಿದರೆ ನಿಲ್ಲಿಸುವುದು ಕಷ್ಟ. ಕೋಡಿಯನ್ನು ಏರಿಗಿಂತ ತಗ್ಗಿನಲ್ಲಿಟ್ಟು ಕಲ್ಲು ಹಾಸುವುದರ ರಹಸ್ಯ ಇಷ್ಟೇ: ನೀರು ಹೊರಗೆ ಹೋಗಲೇಬೇಕಾದಲ್ಲಿ ಕೊಚ್ಚಲಾಗದ ನೆಲದ ಮೇಲೆ ಹೋಗಲಿ.

ಭೂಮಿಯು ಬಿಸಿಯೇರುತ್ತಿರುವ ಈ ಕಾಲದಲ್ಲಿ ಹಿಮಾಲಯದ ಹಿಮನದಿಗಳಲ್ಲಿ ಬಹುತೇಕ ಎಲ್ಲವೂ ಹಿಂದೆ ಸರಿಯುತ್ತಿವೆ. ಅವು ಬಿಟ್ಟುಹೋದ ತಗ್ಗುಗಳಲ್ಲಿ ಹೊಸ ಕೆರೆಗಳು ಹುಟ್ಟುತ್ತಿವೆ, ಹಳೆಯವು ಹಿಗ್ಗುತ್ತಿವೆ. ಸಿಕ್ಕಿಮಿನ ದಕ್ಷಿಣ ಲ್ಹೋನಾಕ್ ಸರೋವರವು ಹೀಗೆ ವರ್ಷವರ್ಷಕ್ಕೂ ಬೆಳೆದು, 2023ರ ಅಕ್ಟೋಬರ್ 3-4ರ ರಾತ್ರಿ ಒಡೆದು, ಚುಂಗಥಾಂಗಿನಲ್ಲಿ ತೀಸ್ತಾ ನದಿಗೆ ಕಟ್ಟಿದ್ದ ವಿದ್ಯುದಾಗಾರದ ಅಣೆಕಟ್ಟನ್ನೇ ಕೊಚ್ಚಿತು.

ಇದಕ್ಕೆ ಉಪಾಯವಿಲ್ಲವೆನ್ನಲಾಗದು. ನೇಪಾಳದಲ್ಲಿ ತ್ಸೋ ರೋಲ್ಪಾ ಎಂಬ ಸರೋವರಕ್ಕೆ ಬಾಗಿಲುಳ್ಳ ಕಾಲುವೆಯನ್ನು ತೋಡಿ 2000ದಲ್ಲಿ ನೀರಿನ ಮಟ್ಟವನ್ನು ಸುಮಾರು 3 ಮೀಟರ್ ಇಳಿಸಿದರು. 2016ರಲ್ಲಿ ಎವರೆಸ್ಟಿನ ಬಳಿಯ ಇಮ್ಜಾ ಸರೋವರದಲ್ಲಿಯೂ ಹಾಗೆಯೇ ಮಾಡಿದರು. ಆ ಎತ್ತರದಲ್ಲಿ ಯಂತ್ರಗಳನ್ನು ಸಾಗಿಸಿ ಮಾಡಿದ ಈ ಸಾಹಸವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಅವರು ಕೆರೆಗೆ ಕೋಡಿಯನ್ನು ಕಟ್ಟಿದರು. ಆದರೆ ಎಲ್ಲ ಕೆರೆಗಳಿಗೂ ಹೀಗೆ ಮಾಡುವುದು ಸಾಧ್ಯವಾಗದು. ಆದುದರಿಂದ ಉಪಗ್ರಹ ಚಿತ್ರಗಳಲ್ಲಿ ಕೆರೆಗಳ ಬೆಳವಣಿಗೆಯನ್ನು ಗಮನಿಸುವುದು, ಕೆಳಗಿನ ಊರುಗಳಿಗೆ ಮುನ್ನೆಚ್ಚರಿಕೆ ತಲಪಿಸುವುದು, ಹೊಳೆಯ ಹಳೆಯ ಪಾತ್ರದಲ್ಲಿ ಮನೆ ಕಟ್ಟದಿರುವುದು ಇವೂ ಅಷ್ಟೇ ಮುಖ್ಯವಾದುವು.

ಮರಳಿ ಮನೆಗೆ

ಹಿಮನದಿಯಿಲ್ಲದ ನಾಡಿನವರಿಗೆ ಈ ಪಾಠವೇಕೆ ಎನ್ನಬಹುದು. 2019ರ ಆಗಸ್ಟಿನಲ್ಲಿ ಘಟಪ್ರಭೆಯ ನೆರೆಯು ಗೋಕಾಕ ಪಟ್ಟಣದ ಮನೆಗಳೊಳಕ್ಕೆ ನುಗ್ಗಿತು. ಮಂಜುಗಡ್ಡೆಯಿಲ್ಲದಿದ್ದರೂ ನೀರಿನ ನಿಯಮ ಒಂದೇ: ತಗ್ಗು ಎಲ್ಲಿದೆಯೋ ಅಲ್ಲಿಗೆ ಅದು ಬರುವುದು.

ವಿದ್ಯಾರ್ಥಿಗಳು ಮುಂದೆ ಯಾವ ಕೆರೆಯ ದಂಡೆಗೆ ಹೋದರೂ, ಅದು ಹಿಮಾಲಯದಲ್ಲಿರಲಿ, ತಮ್ಮ ಊರಿನಲ್ಲಿರಲಿ, ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದರ ಏರಿ ಯಾವುದರಿಂದ ಆಗಿದೆ? ಇದಕ್ಕೆ ಕೋಡಿ ಎಲ್ಲಿದೆ? ಕೋಡಿ ಹರಿದರೆ ಆ ನೀರಿನ ದಾರಿಯಲ್ಲಿ ಇಂದು ಯಾರ ಮನೆಯಿದೆ? ಮೊದಲನೆಯ ಪ್ರಶ್ನೆಗೆ ಭೂವಿಜ್ಞಾನವೂ ಎರಡನೆಯದಕ್ಕೆ ಯಂತ್ರಶಾಸ್ತ್ರವೂ ಉತ್ತರ ಹೇಳುವುವು. ಮೂರನೆಯದಕ್ಕೆ ಮಾತ್ರ, ಈ ಮಳೆಗಾಲಕ್ಕೆ ಮುಂಚೆ, ತಮ್ಮ ಊರಿನ ಕೆರೆಯ ಕೋಡಿಯಿಂದ ಹಳ್ಳದವರೆಗೆ ಒಮ್ಮೆ ನಡೆದು ನೋಡಿ ಉತ್ತರ ಬರೆದುಕೊಳ್ಳಬೇಕು.