ಕಿವಿಯ ಆಪರೇಷನ್ ಕಲಿಯುವ ವೈದ್ಯರ ಕೈಗೆ ಅಂಕ

"ಸಿಸ್ಟರ್, ನಮ್ಮ ಹುಡುಗನ ಕಿವಿ ಆಪರೇಷನ್ ದೊಡ್ಡ ಡಾಕ್ಟರು ಮಾಡ್ತಾರೋ, ಸಣ್ಣ ಡಾಕ್ಟರು ಮಾಡ್ತಾರೋ?" ವಾರ್ಡಿನಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ಕೇಳುವುದರಲ್ಲಿ ತಪ್ಪಿಲ್ಲ. ಕಲಿಯುವ ವೈದ್ಯರ ಕೈ ಪಳಗಿದೆಯೆಂದು ಹೇಗೆ ತಿಳಿಯುತ್ತಾರೆ ಎಂಬುದು ತಮಗೂ ಗೊತ್ತಿರಲಿ.

ಕಿವಿಯ ಹಿಂದೆ ಬೆರಳಿಟ್ಟು ನೋಡಿ. ಅಲ್ಲಿ ಉಬ್ಬಿದ ಮೂಳೆಯೇ ಮ್ಯಾಸ್ಟಾಯ್ಡ್. ಬಹಳ ಕಾಲ ಕಿವಿ ಸೋರಿ, ಮೂಳೆ ತಿನ್ನುವ ಕಾಯಿಲೆಯಾದರೆ ಅದನ್ನು ಡ್ರಿಲ್ಲಿನಿಂದ ಕೊರೆದು ಸ್ವಚ್ಛ ಮಾಡಬೇಕಾಗುತ್ತದೆ. ಅದರ ಮೇಲ್ಗಡೆ ಮೆದುಳಿನ ಪೊರೆ, ಹಿಂಭಾಗದಲ್ಲಿ ದೊಡ್ಡ ರಕ್ತನಾಳ, ಒಳಗೆ ಮುಖದ ನರ. ಆ ನರಕ್ಕೆ ಪೆಟ್ಟಾದರೆ ಕಣ್ಣು ಮುಚ್ಚಲಾಗದು, ಬಾಯಿ ಸೊಟ್ಟಗಾಗುತ್ತದೆ. ಆದ್ದರಿಂದಲೇ ವೈದ್ಯರು ಮೊದಲು ಪ್ರಯೋಗಾಲಯದಲ್ಲಿ, ಮೃತದೇಹದಿಂದ ತೆಗೆದ ಕಿವಿಯ ಮೂಳೆಯನ್ನು ಕೊರೆದು ಕಲಿಯುತ್ತಾರೆ.

ಹಿಂದೆಲ್ಲ ಹಿರಿಯರು ಪಕ್ಕದಲ್ಲಿ ನಿಂತು ನೋಡಿ "ಪರವಾಗಿಲ್ಲ, ಚೆನ್ನಾಗಿ ಮಾಡ್ತಾನೆ" ಎಂದರೆ ಮುಗಿಯಿತು. ಇಷ್ಟದ ಶಿಷ್ಯನಿಗೆ ಒಂದು ಮಾತು, ಆಗದವನಿಗೆ ಇನ್ನೊಂದು. ಇದನ್ನು ತಪ್ಪಿಸಲು 1990ರ ದಶಕದಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಶಸ್ತ್ರವೈದ್ಯರು 'ಓಸ್ಯಾಟ್ಸ್' ಎಂಬ ಪದ್ಧತಿ ರೂಪಿಸಿದರು. ಒಂದು ಹಾಳೆಯಲ್ಲಿ ಆಪರೇಷನ್ನಿನ ಒಂದೊಂದು ಹಂತ: ಮಾಡಿದರೋ, ಇಲ್ಲವೋ. ಇನ್ನೊಂದರಲ್ಲಿ ಅಂಗಾಂಶವನ್ನು ಮೃದುವಾಗಿ ಮುಟ್ಟುವುದು, ಸಲಕರಣೆ ಹಿಡಿಯುವ ರೀತಿ, ಮುಂದಿನ ಹೆಜ್ಜೆಯ ಅರಿವು ಮುಂತಾದವಕ್ಕೆ 1ರಿಂದ 5ರವರೆಗೆ ಅಂಕ. ಆಮೇಲೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಮೊದಲಾದ ಕಡೆ ಕಿವಿಯ ಮೂಳೆಗೆಂದೇ ಇಂಥ ಪಟ್ಟಿ ಮಾಡಿದರು. ಕೊರೆಯುವಾಗ ಮೂಳೆ ಕಾಯದಂತೆ ನೀರು ಬೀಳುತ್ತಿದೆಯೇ? ನರದ ಹತ್ತಿರ ಬಂದಾಗ ಹಲ್ಲಿನ ಬರ್ ಬಿಟ್ಟು ವಜ್ರದ ಬರ್ ಹಿಡಿದರೇ? ಮೆದುಳಿನ ಕಡೆಯ ತೆಳು ಮೂಳೆ ತೂತಾಯಿತೇ?

ಮೈಕ್ರೋಸ್ಕೋಪಿನ ಮೂಲಕ ವಿಡಿಯೋ ತೆಗೆದರೆ ಇನ್ನೂ ಒಳ್ಳೆಯದು. ಅದರಲ್ಲಿ ಮುಖ ಕಾಣುವುದಿಲ್ಲ, ಕೆಲಸ ಮಾತ್ರ ಕಾಣುತ್ತದೆ. ಇಬ್ಬರು ಪರೀಕ್ಷಕರು ಬೇರೆ ಬೇರೆಯಾಗಿ ಅಂಕ ಕೊಟ್ಟು, ಆಮೇಲೆ ತಾಳೆ ನೋಡಬಹುದು.

ಆದರೆ ಸತ್ತ ಮೂಳೆಯಲ್ಲಿ ರಕ್ತ ಬರುವುದಿಲ್ಲ. ಹಾಗಾಗಿ ಅಲ್ಲಿ ಎಷ್ಟೇ ಅಂಕ ಬಂದರೂ ಅದೊಂದೇ ಸಾಲದು. ರೋಗಿಯ ಮೇಲೆ ಮಾಡುವಾಗ ಹಿರಿಯರು ಜೊತೆಗಿರಲೇಬೇಕು. ಪಕ್ಕದಲ್ಲಿ ಸಲಕರಣೆ ಕೊಡುವ ನರ್ಸುಗಳಾದ ನಮಗೆ ಮೆಚ್ಚುಗೆಯಾಗುವುದು ಬೇಗ ಮುಗಿಸುವ ಕೈಯಲ್ಲ, ಅನುಮಾನ ಬಂದಾಗ ನಿಲ್ಲಿಸಿ "ಸರ್, ಒಮ್ಮೆ ನೋಡಿ" ಎನ್ನುವ ಕೈ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ತಾವು ಕೇಳಿರಿ: ಕಲಿಯುವ ವೈದ್ಯರು ಯಾವ ಭಾಗ ಮಾಡುತ್ತಾರೆ, ಹಿರಿಯರು ಕೊನೆಯವರೆಗೂ ಇರುತ್ತಾರೆಯೇ? ಆಪರೇಷನ್ ಮುಗಿದು ಎಚ್ಚರವಾದ ಮೇಲೆ "ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ತೋರಿಸಿ" ಎನ್ನುತ್ತೇವೆ. ತಮಾಷೆಯೆಂದು ತಿಳಿಯಬೇಡಿ, ಮುಖದ ನರ ಸರಿಯಾಗಿದೆಯೇ ಎಂದು ನೋಡುವುದು ಹಾಗೆಯೇ.