ಚಳಿಗಾಲದ ಸೊಪ್ಪಿನ ಮಡಿ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಬಹುಮಂದಿ ಈಗ ಮನೆವಾರ್ತೆಯನ್ನು ನಡೆಸುವ ತಾಯಂದಿರಾಗಿದ್ದಾರೆ. ಆದುದರಿಂದ ಈ ಸಂಚಿಕೆಯಲ್ಲಿ ಹಿತ್ತಲಿಗೂ ಅಡಿಗೆಮನೆಗೂ ಸೇರಿದ ಒಂದು ಪಾಠವನ್ನು ಅವರ ಮುಂದೆಯೂ ಪೋಷಕರ ಮುಂದೆಯೂ ಇಡುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ಬೆಳಗಿನ ಕೂಟದಲ್ಲಿ ತಲೆಸುತ್ತಿ ಕುಳಿತುಬಿಡುವ, ಮಧ್ಯಾಹ್ನದ ಪಾಠದಲ್ಲಿ ತೂಕಡಿಸುವ ಹುಡುಗಿಯನ್ನು ಸೋಮಾರಿಯೆಂದು ಜರೆಯುವುದು ಸುಲಭ. ಆದರೆ ಅನೇಕ ವೇಳೆ ಅದಕ್ಕೆ ರಕ್ತಹೀನತೆಯೇ ಕಾರಣವಾಗಿರುತ್ತದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರೊಳಗೆ ನೂರಕ್ಕೆ 59 ಮಂದಿಯಲ್ಲಿ ಈ ಕೊರತೆ ಕಂಡುಬಂದಿತು. ಸೊಪ್ಪು ಔಷಧವಲ್ಲ, ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯ ಸ್ಥಾನವನ್ನು ಅದು ತುಂಬಲಾರದು. ಆದರೂ ಕಬ್ಬಿಣಾಂಶವನ್ನೂ, ಹೊಸ ರಕ್ತಕ್ಕೆ ಬೇಕಾದ ಫೋಲಿಕ್ ಆಮ್ಲವನ್ನೂ, ಕಣ್ಣಿಗೆ ಹಿತವಾದ ಎ ಜೀವಸತ್ವದ ಮೂಲವನ್ನೂ ಇಷ್ಟು ಅಲ್ಪ ವೆಚ್ಚದಲ್ಲಿ ಒದಗಿಸುವ ಪದಾರ್ಥಗಳು ವಿರಳ.

ಯಾವ ಸೊಪ್ಪನ್ನು ಬಿತ್ತಬೇಕು? ನಮ್ಮ ಬಯಲುಸೀಮೆಯಲ್ಲಿ ಹಿಂಗಾರು ಮಳೆ ತಗ್ಗಿದ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವು ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ, ಪಾಲಕಗಳಿಗೆ ಅತ್ಯಂತ ಅನುಕೂಲವಾದದ್ದು. ಇವು ತಂಪನ್ನು ಬಯಸುವ ಸಸ್ಯಗಳು. ಬಿಸಿಲೇರಿದೊಡನೆ ಎಲೆ ಬಿಡುವುದನ್ನು ನಿಲ್ಲಿಸಿ ಹೂವಿಗೆ ಹೋಗುತ್ತವೆ. ಹರಿವೆ, ದಂಟು, ಬಸಳೆಗಳ ಸ್ವಭಾವ ಇದಕ್ಕೆ ವಿರುದ್ಧ. ಅವು ಸೆಕೆಯಲ್ಲಿ ಸೊಂಪಾಗಿ ಬೆಳೆದು ಚಳಿಯಲ್ಲಿ ಕುಗ್ಗುತ್ತವೆ. ಬೇಸಗೆಯಲ್ಲಿ ಹರಿವೆ ಬೆಳೆದ ಮಡಿಯಲ್ಲೇ ಡಿಸೆಂಬರಿನಲ್ಲಿ ಮತ್ತೆ ಹರಿವೆ ಬಿತ್ತಿ, ನೆಲ ಕೆಟ್ಟಿತೆಂದು ಕೊರಗುವವರು ಈ ಭೇದವನ್ನು ಗಮನಿಸತಕ್ಕದ್ದು.

ನಾಲ್ಕಡಿ ಅಗಲ, ಎಂಟಡಿ ಉದ್ದದ ಒಂದು ಮಡಿ ಆರಂಭಕ್ಕೆ ಸಾಕು. ದಿನಕ್ಕೆ ನಾಲ್ಕೈದು ಗಂಟೆಯಾದರೂ ಬಿಸಿಲು ಬೀಳುವ ಸ್ಥಳವನ್ನು ಆರಿಸಿ, ಒಂದು ಗೇಣು ಆಳ ಅಗೆದು, ಚೆನ್ನಾಗಿ ಕಳಿತ ಗೊಬ್ಬರವನ್ನು ಬೆರೆಸಬೇಕು. ಹಸಿ ಸಗಣಿ ಕೂಡದು. ಹಿತ್ತಲಿಲ್ಲದ ಪಟ್ಟಣವಾಸಿಗಳು ತಳದಲ್ಲಿ ತೂತು ಮಾಡಿದ ಹಳೆಯ ಬಕೆಟ್ಟುಗಳನ್ನೂ ತೊಟ್ಟಿಗಳನ್ನೂ ಮಾಳಿಗೆಯ ಮೇಲಿಟ್ಟು ಇದೇ ಕೆಲಸವನ್ನು ಮಾಡಬಹುದು.

ಇನ್ನು ಬಿತ್ತನೆಯ ಕ್ರಮ. ಮೆಂತ್ಯವನ್ನು ಒಂದು ರಾತ್ರಿ ನೆನೆಯಿಟ್ಟು, ಅರ್ಧ ಅಂಗುಲದ ಆಳದಲ್ಲಿ ಸಾಲಾಗಿ ಬಿತ್ತಿದರೆ ನಾಲ್ಕೈದು ದಿನಗಳಲ್ಲಿ ಮೊಳೆಯುತ್ತದೆ. ಕೊತ್ತಂಬರಿ ಬೀಜವೆಂದು ನಾವು ಕರೆಯುವುದು ವಾಸ್ತವವಾಗಿ ಎರಡು ಬೀಜಗಳುಳ್ಳ ಒಣಕಾಯಿ. ಅದನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ನೆನೆಸಿ ಬಿತ್ತಬೇಕು. ಅದು ಮೊಳೆಯಲು ಹತ್ತು ದಿನ, ಕೆಲವೊಮ್ಮೆ ಹದಿನೈದು ದಿನ ಹಿಡಿಯುವುದರಿಂದ ಅವಸರಪಟ್ಟು ಮಣ್ಣನ್ನು ಕೆದಕಬಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಇಡೀ ಮಡಿಯನ್ನು ಒಂದೇ ದಿನ ಬಿತ್ತಿದರೆ ಒಂದು ವಾರ ತಿನ್ನಲಾರದಷ್ಟು ಸೊಪ್ಪು, ಅನಂತರ ತಿಂಗಳು ಪೂರ್ತಿ ಬರಿಯ ಮಣ್ಣು. ಅದಕ್ಕೆ ಬದಲಾಗಿ ಮಡಿಯನ್ನು ನಾಲ್ಕು ಭಾಗ ಮಾಡಿ, ಹತ್ತು ದಿನಕ್ಕೊಂದು ಭಾಗದಂತೆ ಬಿತ್ತುತ್ತ ಹೋಗಬೇಕು. ನಾಲ್ಕನೆಯ ಭಾಗಕ್ಕೆ ಬೀಜ ಬೀಳುವ ಹೊತ್ತಿಗೆ ಮೊದಲನೆಯ ಭಾಗದ ಮೆಂತ್ಯವು ಕೊಯ್ಲಿಗೆ ಸಿದ್ಧವಾಗಿರುತ್ತದೆ. ಪಾಲಕವನ್ನು ಬೇರುಸಹಿತ ಕೀಳದೆ ಹೊರಗಿನ ಎಲೆಗಳನ್ನು ಮಾತ್ರ ಕೊಯ್ದರೆ ಅದು ಅನೇಕ ಸಾರಿ ಚಿಗುರುತ್ತದೆ.

ನೀರನ್ನು ಬೆಳಗ್ಗೆ ಬುಡಕ್ಕೆ ಹಾಕತಕ್ಕದ್ದು. ಸಂಜೆ ಎಲೆಗಳ ಮೇಲೆ ಎರಚಿದರೆ ರಾತ್ರಿಯೆಲ್ಲ ತೇವ ನಿಂತು ರೋಗಕ್ಕೆ ಎಡೆಯಾಗುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು ಇದಕ್ಕೆ ಒದಗುತ್ತದೆ, ಸಾಬೂನಿನ ನೀರು ಒದಗದು.

ಬೆಳೆದ ಸೊಪ್ಪಿನ ಸಾರವು ಅಡಿಗೆಯಲ್ಲಿ ನಷ್ಟವಾಗದಂತೆಯೂ ನೋಡಿಕೊಳ್ಳಬೇಕು. ಎರಡು ಮೂರು ನೀರಿನಲ್ಲಿ ಮಣ್ಣು ಹೋಗುವಂತೆ ತೊಳೆದು, ಆ ಮೇಲೆ ಹೆಚ್ಚಿ, ಸ್ವಲ್ಪವೇ ನೀರಿನಲ್ಲಿ ಮುಚ್ಚಿ ಬೇಯಿಸಬೇಕು. ಬೆಂದ ನೀರನ್ನು ಚೆಲ್ಲದೆ ಸಾರಿಗೆ ಉಪಯೋಗಿಸಬಹುದು. ಸೊಪ್ಪಿನ ಕಬ್ಬಿಣಾಂಶ ನಮ್ಮ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಪಲ್ಯವನ್ನು ಒಲೆಯಿಂದಿಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಅದರಲ್ಲಿರುವ ಸಿ ಜೀವಸತ್ವವು ಇದಕ್ಕೆ ನೆರವಾಗುತ್ತದೆ. ಊಟದೊಂದಿಗೆ ಕುಡಿಯುವ ಚಹಾ, ಕಾಫಿಗಳು ಅಡ್ಡಿಯಾಗುತ್ತವೆ. ಅವುಗಳನ್ನು ಒಂದೆರಡು ಗಂಟೆ ತಡೆದು ಕುಡಿಯುವುದು ಲೇಸು.

ಕೊನೆಯದಾಗಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇವೆ. ಗಂಡಸರೂ ಗಂಡುಮಕ್ಕಳೂ ಉಂಡೆದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಮಗಳ ಪಾಲು, ಅದೂ ಮುಗಿದರೆ ತಾಯಿಗೆ ಉಪ್ಪಿನಕಾಯಿ ಎಂಬ ರೂಢಿ ಎಷ್ಟೋ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಮಡಿ ಎಷ್ಟು ಹಸುರಾಗಿದ್ದರೂ ಈ ರೂಢಿಯಿರುವ ಮನೆಯ ಹುಡುಗಿಯ ಮುಖದ ಬಿಳುಪು ಹೋಗಲಾರದು. ಸೊಪ್ಪನ್ನು ಬಿತ್ತಿ ನೀರೆರೆಯುವವಳು ಬಹುಮಟ್ಟಿಗೆ ಅವಳೇ; ಬಡಿಸುವಾಗ ಅವಳ ತಟ್ಟೆಗೂ ಸಮಪಾಲು ಬೀಳಲಿ. ತಾಯಂದಿರು ತಮ್ಮ ಪಾಲನ್ನೂ ಮರೆಯದಿರಲಿ. ಬೀಜಕ್ಕೆಂದು ಹೆಚ್ಚು ಖರ್ಚು ಬೇಡ; ಅಡಿಗೆಮನೆಯ ಡಬ್ಬಿಯಲ್ಲಿರುವ ಒಂದು ಹಿಡಿ ಮೆಂತ್ಯದಿಂದಲೇ ಈ ನವೆಂಬರಿನಲ್ಲಿ ಆರಂಭಿಸಬಹುದು.